ಗೋಡೆಯಾಚೆಯವರು

2020ರ ಯುಗಾದಿ ಬಂದದ್ದು ಮಾರ್ಚ್ 25ರ ಬುಧವಾರ. ಹಿಂದಿನ ರಾತ್ರಿ ಎಂಟಕ್ಕೆ ಪ್ರಧಾನಿ ಟೀವಿಯಲ್ಲಿ ಕಾಣಿಸಿಕೊಂಡು, ಮಧ್ಯರಾತ್ರಿಯಿಂದ 21 ದಿನ ಯಾರೂ ಮನೆ ಬಿಟ್ಟು ಹೊರಬರಬೇಡಿ ಎಂದರು. ಭಾಷಣ ಮುಗಿಯುವಷ್ಟರಲ್ಲಿ ಬೆಂಗಳೂರಿನ ದಿನಸಿ ಅಂಗಡಿಗಳ ಮುಂದೆ ಜನ ಜಮಾಯಿಸಿದ್ದರು. ಹಬ್ಬದ ಹೂವು, ಮಾವಿನ ಸೊಪ್ಪು ಬೆಳಿಗ್ಗೆ ತಂದರಾಯಿತು ಎಂದುಕೊಂಡಿದ್ದವರು ಬರಿಗೈಯಲ್ಲಿ ಉಳಿದರು. ಹನುಮಂತನಗರದ ನಮ್ಮ ಬೀದಿಯಲ್ಲಿ ಬೇವಿನ ಮರವಿರುವುದು ಒಂದೇ ಮನೆಯ ಕಾಂಪೌಂಡಿನಲ್ಲಿ. ಆ ಮನೆಯವರು ನಸುಕಿನಲ್ಲೇ ಕೊಂಬೆ ಕಡಿದು ಗೇಟಿನ ಸರಳಿಗೆ ಸಿಕ್ಕಿಸಿಟ್ಟರು. ಒಬ್ಬೊಬ್ಬರೇ ಬಂದು ಒಂದೊಂದು ಕುಡಿ ಮುರಿದುಕೊಂಡು ಹೋದರು. ಶಾರ್ವರಿ ಸಂವತ್ಸರ ಶುರುವಾದದ್ದು ಹಾಗೆ. ಮಾರನೆಯ ದಿನ ಹೊಸತೊಡಕು. ಮಟನ್ ಅಂಗಡಿಯ ಮುಂದೆ ಸುಣ್ಣದಲ್ಲಿ ವೃತ್ತ ಬರೆದಿದ್ದರು. ಜನ ವೃತ್ತದೊಳಗೆ ಚೀಲ, ಚಪ್ಪಲಿ ಇಟ್ಟು ತಾವು ಮಾತ್ರ ನೆರಳಿನಲ್ಲಿ ಒಟ್ಟಿಗೇ ನಿಂತು ಮಾತಾಡುತ್ತಿದ್ದರು.

ರೋಗ ನಮ್ಮ ರಾಜ್ಯಕ್ಕೆ ಹೊಸದೇನಾಗಿರಲಿಲ್ಲ. ದೇಶದ ಮೊದಲ ಕೋವಿಡ್ ಸಾವು ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ಹಿರಿಯರೊಬ್ಬರದು. ಮಾಲು, ಸಿನಿಮಾ ಮಂದಿರಗಳಿಗೆ ಮಾರ್ಚ್ 14ರಿಂದಲೇ ಬೀಗ ಬಿದ್ದಿತ್ತು. ಹೊಸದಾಗಿ ಬಂದದ್ದೆಂದರೆ 'ಮನೆಯಲ್ಲೇ ಇರಿ' ಎಂಬ ಆಜ್ಞೆ. ಅದನ್ನು ಬರೆದವರ ಕಣ್ಣಮುಂದೆ ಇದ್ದದ್ದು ಬಾಗಿಲು ಹಾಕಿಕೊಂಡರೆ ಲೋಕದ ಹಂಗಿಲ್ಲದ ಮನೆ: ಒಳಗೇ ನೀರು, ಒಳಗೇ ಬಚ್ಚಲು, ಒಬ್ಬರಿಗೆ ಜ್ವರ ಬಂದರೆ ಬಿಟ್ಟುಕೊಡಲು ಒಂದು ಕೋಣೆ. 2011ರ ಜನಗಣತಿಯ ಪ್ರಕಾರ ದೇಶದ ಶೇ 37ರಷ್ಟು ಕುಟುಂಬಗಳು ಇರುವುದು ಒಂದೇ ಕೋಣೆಯಲ್ಲಿ.

ನಮ್ಮ ಹಿಂದಿನ ಬೀದಿಯಲ್ಲೊಂದು ವಠಾರವಿದೆ. ಎದುರುಬದುರು ಆರು ಮನೆ, ನಡುವೆ ಕಿರಿದಾದ ಓಣಿ, ತುದಿಯಲ್ಲಿ ಎಲ್ಲರಿಗೂ ಸೇರಿ ಒಂದು ನಲ್ಲಿ, ಎರಡು ಕಕ್ಕಸು. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ಮನೆಯೊಳಗಿದ್ದರೆ ನೀರಿಲ್ಲ, ನೀರಿಗೆ ಹೋದರೆ ಮನೆಯೊಳಗಿದ್ದ ಹಾಗಾಗಲಿಲ್ಲ. ಅಲ್ಲಿನ ಹೆಂಗಸರು ಲಾಕ್‌ಡೌನ್ ಶುರುವಾದ ವಾರದಲ್ಲೇ ಇದಕ್ಕೊಂದು ದಾರಿ ಹುಡುಕಿದರು. ನಲ್ಲಿಯ ಪಕ್ಕದ ಗೋಡೆಗೆ ಸೀಮೆಸುಣ್ಣದಲ್ಲಿ ಮನೆ ನಂಬರು, ಎದುರಿಗೆ ಹೊತ್ತು. ಒಬ್ಬರು ತುಂಬಿಸಿ ಹೋದ ಮೇಲೆ ನಲ್ಲಿಯ ತಿರುಪಿಗೆ ಸೋಪಿನ ನೀರು, ಆಮೇಲೆ ಇನ್ನೊಬ್ಬರು. ಆರೂ ಮನೆಗೆ ತರಕಾರಿ ತರಲು ಒಬ್ಬನೇ ಹೋಗಬೇಕು, ವಾರಕ್ಕೊಬ್ಬ. ಒಟ್ಟಿನಲ್ಲಿ ಆರು ಮನೆ ಸೇರಿ ಒಂದು ಮನೆ ಎಂದು ತಾವೇ ತೀರ್ಮಾನಿಸಿಕೊಂಡರು. ಯಾರೂ ಹೇಳಿಕೊಟ್ಟದ್ದಲ್ಲ. ಆಮೇಲಿನ ಎರಡು ವರ್ಷ ಸರ್ಕಾರದ ಲೆಕ್ಕ ಮನೆಯದು, ಜನರ ಲೆಕ್ಕ ಓಣಿಯದು. ಎರಡೂ ಹೊಂದಿದ ಕಡೆ ಕೆಲಸ ಸಲೀಸಾಯಿತು, ಹೊಂದದ ಕಡೆ ರಾದ್ಧಾಂತ.

ಇಲಿ ಬಿದ್ದ ಕಾಲ

ಇದೇ ಬೆಂಗಳೂರಿಗೆ 1898ರ ಆಗಸ್ಟ್‌ನಲ್ಲಿ ಪ್ಲೇಗು ಬಂದಾಗ ಸಿಕ್ಕ ಆಜ್ಞೆ ತದ್ವಿರುದ್ಧವಾಗಿತ್ತು. ಮುಂಬೈಯಲ್ಲಿ 1896ರಲ್ಲಿ ಕಾಣಿಸಿಕೊಂಡ ರೋಗ ಹುಬ್ಬಳ್ಳಿ ಕಡೆಯಿಂದ ರೈಲು ಹತ್ತಿ ಬಂದಿತ್ತು. ಆಗ ಮದ್ದೆಂದರೆ ಮನೆ ಬಿಡುವುದು. ಮಾಡಿನಿಂದ ಇಲಿ ಸತ್ತು ಬಿದ್ದರೆ ಸಾಕು, ಹಳೇ ಮೈಸೂರಿನ ಹಳ್ಳಿಗಳಲ್ಲಿ ಊರಿಗೆ ಊರೇ ಪಾತ್ರೆಪಡಗ, ದನಕರುಗಳ ಸಮೇತ ಹೊಲಕ್ಕೆ ಹೊರಟು ತೆಂಗಿನ ಗರಿಯ ಗುಡಿಸಲು ಹಾಕುತ್ತಿತ್ತು. ರೋಗ ಹರಡುವುದು ಇಲಿಯ ಮೈಮೇಲಿನ ಚಿಗಟದಿಂದ ಎಂದು ಫ್ರಾನ್ಸಿನ ಪಾಲ್-ಲೂಯಿ ಸಿಮಾಂಡ್ ಕರಾಚಿಯಲ್ಲಿ ಕಂಡುಕೊಂಡದ್ದು ಅದೇ 1898ರಲ್ಲಿ. ಅದನ್ನು ಉಳಿದವರು ಒಪ್ಪಲು ವರ್ಷಗಳೇ ಹಿಡಿದವು. ಹಳ್ಳಿಯವರಿಗೆ ಕಾರಣ ಗೊತ್ತಿರಲಿಲ್ಲ, ಊರು ಬಿಟ್ಟವರು ಬದುಕುತ್ತಾರೆ ಎಂಬುದಷ್ಟೇ ಗೊತ್ತಿತ್ತು. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ಕಳಿಸುವ ಅವಸರ ಬಸವನಗುಡಿ, ಮಲ್ಲೇಶ್ವರಗಳಿಗೆ ರೆಕ್ಕೆ ಮೂಡಿಸಿತು. ಪ್ಲೇಗಮ್ಮನ ಗುಡಿಗಳೂ ಎದ್ದವು, ಕೆಲವು ಈಗಲೂ ಇವೆ.

ಪ್ಲೇಗಿನ ಕಥೆ ಹೇಳುತ್ತಿದ್ದ ಅಜ್ಜಂದಿರ ಮಾತಿನಲ್ಲಿ ಸಾವಿನಷ್ಟೇ ಗುಡಿಸಲಿನ ಸಾಲೂ ಬರುತ್ತಿತ್ತು: ಯಾರ ಪಕ್ಕ ಯಾರು, ಯಾರ ಒಲೆಯ ಕೆಂಡ ಯಾರಿಗೆ. ಊರು ಬಿಟ್ಟರೂ ನೆರೆ ಬಿಡಲಿಲ್ಲ. ಕೊರೊನಾ ಗಾಳಿಯಲ್ಲಿ, ಉಸಿರಿನಲ್ಲಿ ಹರಡುವ ರೋಗವಾದ್ದರಿಂದ ಜನರನ್ನು ಊರಿನಲ್ಲೇ ಇಟ್ಟು ನೆರೆಯನ್ನು ಬಿಡಿಸಲು ನೋಡಿದರು. ತರ್ಕ ಸರಿಯೇ. ಆದರೆ ಒಂದೇ ಕೋಣೆಯಲ್ಲಿ ಐದು ಜನ ಬಾಗಿಲು ಹಾಕಿಕೊಂಡು ಕೂತರೆ ಆ ಗಾಳಿ ಹೋಗುವುದೆಲ್ಲಿಗೆ?

ಕಾವಲಿಗೆ ಕೂತ ಎದುರುಮನೆ

ಮೊದಲ ತಿಂಗಳುಗಳಲ್ಲಿ ನೆರೆಯವರಿಗೆ ಸಿಕ್ಕ ಪಾತ್ರ ಕಾವಲುಗಾರರದು. ವಿದೇಶದಿಂದ ಬಂದವರ ಎಡಗೈಗೆ ಅಳಿಸದ ಶಾಯಿಯ ಮುದ್ರೆ, ಬಾಗಿಲಿಗೆ ನೋಟಿಸು. ಹೋಂ ಕ್ವಾರಂಟೈನ್‌ನಲ್ಲಿದ್ದವರ ವಿಳಾಸಗಳನ್ನು ಸರ್ಕಾರ ಜಿಲ್ಲಾವಾರು ಪಟ್ಟಿ ಮಾಡಿ ಪ್ರಕಟಿಸಿಯೇಬಿಟ್ಟಿತು. ಅದು ವಾಟ್ಸ್ಆ್ಯಪ್‌ನಲ್ಲಿ ಮದುವೆ ಕರೆಯೋಲೆಗಿಂತ ವೇಗವಾಗಿ ಓಡಾಡಿತು. ಮಾರ್ಚ್ ಕೊನೆಗೆ 'ಕ್ವಾರಂಟೈನ್ ವಾಚ್' ಎಂಬ ಆ್ಯಪ್ ಬಂದು, ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಬೇಕೆಂದಾಯಿತು. ಆ್ಯಪ್‌ಗಿಂತ ಚುರುಕಾಗಿದ್ದದ್ದು ಎದುರುಮನೆಯ ಕಿಟಕಿ. ಅಮೆರಿಕದಿಂದ ಮಗ ಬಂದಿದ್ದಾನೆ ಎಂದು ಬೀದಿಗೆಲ್ಲ ಚಾಕೊಲೇಟು ಹಂಚುತ್ತಿದ್ದ ಮನೆಗಳವರು ಆ ವಸಂತದಲ್ಲಿ ಮಗ ಬಂದದ್ದನ್ನು ಮುಚ್ಚಿಡಲು ಪಟ್ಟ ಪಾಡು ಕಂಡವರಿಗೇ ಗೊತ್ತು.

ಜುಲೈನಲ್ಲಿ ಡೊಮ್ಮಲೂರಿನ ಅಪಾರ್ಟ್‌ಮೆಂಟೊಂದರಲ್ಲಿ ಇದು ಪರಾಕಾಷ್ಠೆ ಮುಟ್ಟಿತು. ಸೋಂಕಿತರಿದ್ದಾರೆ ಎಂದು ಅಕ್ಕಪಕ್ಕದ ಎರಡು ಫ್ಲ್ಯಾಟ್‌ಗಳ ಬಾಗಿಲಿಗೆ ತಗಡು ಹೊಡೆದುಬಿಟ್ಟರು. ಒಂದರೊಳಗೆ ತಾಯಿ, ಎರಡು ಮಕ್ಕಳು. ಇನ್ನೊಂದರೊಳಗೆ ವೃದ್ಧ ದಂಪತಿ. ಬೆಂಕಿ ಬಿದ್ದರೆ ಏನು ಗತಿ ಎಂದು ಕೇಳಿ, ಚಿತ್ರವನ್ನು ಹೊರಜಗತ್ತಿಗೆ ಹಾಕಿದ್ದು ಅದೇ ಕಟ್ಟಡದ ನೆರೆಯವರು. ಬಿಬಿಎಂಪಿ ಆಯುಕ್ತರು ಕ್ಷಮೆ ಕೇಳಿದರು, ತಗಡು ಬಂತು ಕೆಳಗೆ. ಕಿಟಕಿಯಲ್ಲಿ ಕಾವಲು ಕೂತವರೂ ತಗಡು ಬಿಚ್ಚಿಸಿದವರೂ ಒಂದೇ ಊರಿನ ಜನ. ನೆರೆಹೊರೆ ಎಂದರೆ ಪ್ರೀತಿ ಎಂದಷ್ಟೇ ಬರೆಯುವವರು ಯಾವತ್ತೂ ವಠಾರದಲ್ಲಿ ಬಾಡಿಗೆಗೆ ಇದ್ದವರಲ್ಲ ಎಂಬುದು ನನ್ನ ಗುಮಾನಿ.

ಇದೇ ಗುಣ ರಾಜ್ಯಗಳ ಮಟ್ಟದಲ್ಲೂ ಕಂಡಿತು. ಕಾಸರಗೋಡಿನವರಿಗೆ, ಅಲ್ಲಿನ ಕನ್ನಡಿಗರಿಗೂ ಮಲಯಾಳಿಗಳಿಗೂ, ದೊಡ್ಡಾಸ್ಪತ್ರೆ ಎಂದರೆ ಮಂಗಳೂರೇ. ಮಾರ್ಚ್‌ನಲ್ಲಿ ಕರ್ನಾಟಕ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಲಾರಿಗಟ್ಟಲೆ ಮಣ್ಣು ಸುರಿಯಿತು. ತಲಪಾಡಿಯಿಂದ ಆಂಬುಲೆನ್ಸ್‌ಗಳು ವಾಪಸಾದವು, ಚಿಕಿತ್ಸೆ ಸಿಗದೆ ರೋಗಿಗಳು ತೀರಿಕೊಂಡರು, ಪ್ರಕರಣ ಕೇರಳ ಹೈಕೋರ್ಟು ದಾಟಿ ಸುಪ್ರೀಂ ಕೋರ್ಟಿಗೆ ಹೋಯಿತು. ದಿನವೂ ಬಸ್ಸು ಹತ್ತಿ ಬರುತ್ತಿದ್ದ ನೆಂಟರು ರಾತ್ರೋರಾತ್ರಿ ಹೊರಗಿನವರಾದರು.

ಹಿಂತಿರುಗದ ಡಬ್ಬಿ

ನೆರೆಯ ನಿಜವಾದ ಪರೀಕ್ಷೆ ನಡೆದದ್ದು ಎರಡನೇ ಅಲೆಯಲ್ಲಿ. 2021ರ ಏಪ್ರಿಲ್ 27ರ ರಾತ್ರಿಯಿಂದ ಮತ್ತೆ ಕರ್ಫ್ಯೂ. ಅಂಗಡಿ ಬೆಳಿಗ್ಗೆ ಆರರಿಂದ ಹತ್ತರವರೆಗೆ. ಮೊದಲ ಸಲ ಮನೆಗೊಬ್ಬರು ಮಲಗಿದರೆ ಈ ಸಲ ಮನೆಮಂದಿಯೆಲ್ಲ ಒಟ್ಟಿಗೇ ಮಲಗಿದರು. ಒಲೆ ಹಚ್ಚುವವರೇ ಇಲ್ಲ.

ಹಾಗಾಗಿ ಅಡುಗೆ ಗೋಡೆ ದಾಟಿತು. ನಮ್ಮಲ್ಲಿ ಪಕ್ಕದ ಮನೆಯಿಂದ ಬಂದ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸುವ ಪದ್ಧತಿಯಿಲ್ಲ. ಏನೂ ಇಲ್ಲದಿದ್ದರೆ ನಾಲ್ಕು ಚಮಚ ಸಕ್ಕರೆಯಾದರೂ ಹಾಕಿ ಕೊಡಬೇಕು. ಸೋಂಕಿನ ಮನೆಯಿಂದ ಸಕ್ಕರೆ ಬರುವುದು ಹೇಗೆ? ಮೊದಲು ಕಾಂಪೌಂಡ್ ಗೋಡೆಯ ಮೇಲೆ ಸ್ಟೀಲ್ ಡಬ್ಬಿ ಇಟ್ಟು ಕೂಗಿ ಹೇಳುವುದು, ಒಳಗಿನವರು ತಮ್ಮ ಪಾತ್ರೆಗೆ ಬಗ್ಗಿಸಿಕೊಂಡು ಡಬ್ಬಿಯನ್ನು ಅಲ್ಲೇ ಬಿಡುವುದು, ಇವರು ಅದಕ್ಕೆ ಬಿಸಿನೀರು ಹುಯ್ದು ಎತ್ತಿಕೊಳ್ಳುವುದು ಎಂದಾಯಿತು. ಜ್ವರದಲ್ಲಿ ನಡುಗುತ್ತ ಬಗ್ಗಿಸುವಾಗ ಸಾರು ಚೆಲ್ಲುತ್ತಿತ್ತು. ಕೊನೆಗೆ ಡಬ್ಬಿ ಅಲ್ಲೇ ಇರಲಿ ಎಂದು ಬಿಟ್ಟರು. ಜೂನ್ ಹೊತ್ತಿಗೆ ನಮ್ಮ ಬೀದಿಯ ಯಾವ ಮನೆಯಲ್ಲೂ ಡಬ್ಬಿಗೆ ಅದರದೇ ಮುಚ್ಚಳ ಇರಲಿಲ್ಲ. ತಳದಲ್ಲಿ ಕೊರೆಸಿದ ಹೆಸರು ಓದಿ ಹಂಚಿಕೊಳ್ಳಲು ಒಂದು ಭಾನುವಾರವೇ ಬೇಕಾಯಿತು. ಸಕ್ಕರೆಯ ಬಾಕಿ ಕೆಲವರು ಆಗ ತೀರಿಸಿದರು.

ಕಳಿಸುತ್ತಿದ್ದದ್ದು ಗಂಜಿ, ಮೆಣಸಿನ ಸಾರು, ಉಪ್ಪಿನಕಾಯಿಯ ರಸ. ಎಷ್ಟೋ ಜನಕ್ಕೆ ಯಾವುದರ ರುಚಿಯೂ ಇಲ್ಲ, ವಾಸನೆಯೂ ಇಲ್ಲ. ವಠಾರದಲ್ಲಿ ಪರೀಕ್ಷೆಯ ಫಲಿತಾಂಶ ಬರುವುದಕ್ಕಿಂತ ಮೊದಲು ಒಗ್ಗರಣೆಯ ಫಲಿತಾಂಶ ಬರುತ್ತಿತ್ತು. ಮೂರನೇ ಮನೆಯ ಅಕ್ಕ ಬಾಣಲೆಗೆ ಇಂಗು ಹಾಕಿ ಓಣಿಗೆಲ್ಲ ಕೇಳುವಂತೆ "ಘಮ ಬಂತೇನ್ರೇ?" ಎನ್ನುತ್ತಿದ್ದಳು. ಉತ್ತರ ಕೊಡದ ಮನೆಯ ಕದ ಆಮೇಲೆ ಯಾರಾದರೂ ದೂರದಿಂದ ಕೋಲಿನಲ್ಲಿ ತಟ್ಟುತ್ತಿದ್ದರು.

ಆರು ಮನೆಗೂ ಸೇರಿ ಆಕ್ಸಿಮೀಟರ್ ಒಂದೇ. ಚೀಟಿ ಹಣದಿಂದ ತೆಗೆದದ್ದು. ತಿಂಗಳ ಹರಾಜು ಹೇಗೂ ನಿಂತಿತ್ತು, ಕಟ್ಟುವವರ ಕೈಯಲ್ಲಿ ಕಾಸಿರಲಿಲ್ಲ, ಉಳಿದಿದ್ದ ಚೂರುಪಾರನ್ನು ಇದಕ್ಕೆ ಹಾಕಿದರು. ಮಾಳಿಗೆಯ ಮನೆಗೆ ಅದು ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಹತ್ತಿ ಇಳಿಯುತ್ತಿತ್ತು, ಜೊತೆಗೆ ಸ್ಯಾನಿಟೈಸರ್ ಹಚ್ಚಿದ ಹತ್ತಿ. ಮೆಹೆಂದಿ ಹಾಕಿದ ಬೆರಳಾಗದು, ನೇಲ್ ಪಾಲಿಶ್ ಇರಕೂಡದು, ಕೈ ತಣ್ಣಗಿದ್ದರೆ ಉಜ್ಜಿಕೊಂಡು ಇಡಬೇಕು ಎಂಬುದನ್ನೆಲ್ಲ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎಲ್ಲರಿಗೂ ಕಲಿಸಿದಳು. ಶಾಲೆಯಿಲ್ಲದೆ ಖಾಲಿ ಬಿದ್ದಿದ್ದ ಗಣಿತದ ನೋಟುಬುಕ್ಕಿನಲ್ಲಿ ಹೆಸರು, ಹೊತ್ತು, ಅಂಕಿ ಬರೆದಿಟ್ಟಳು. 94ಕ್ಕಿಂತ ಕೆಳಗಾದರೆ ಕೆಂಪು ಗೆರೆ. ಓಣಿಯಲ್ಲಿ ಆರು ನಿಮಿಷ ನಡೆಸಿ ಮತ್ತೆ ಅಳೆಯುವುದು.

ಒಂದು ಸಂಜೆ ಒಬ್ಬರ ಅಂಕಿ ಕೆಂಪು ಗೆರೆ ದಾಟಿ ಇಳಿಯಿತು. ಆಸ್ಪತ್ರೆಯಲ್ಲಿ ಹಾಸಿಗೆ ಬೇಕೆಂದರೆ ಸೋಂಕಿತರಿಗೆ ಕೊಡುವ ಬಿಯು ನಂಬರ್ ಬೇಕು, ನಂಬರ್ ಬೇಕೆಂದರೆ ಪರೀಕ್ಷೆಯ ಫಲಿತಾಂಶ ಬೇಕು, ಫಲಿತಾಂಶ ಬಂದಿಲ್ಲ. ಸಹಾಯವಾಣಿ 1912ಕ್ಕೆ ಒಬ್ಬರು, ವಾರ್ ರೂಮಿಗೆ ಇನ್ನೊಬ್ಬರು, ಪರಿಚಯದ ಕಾಂಪೌಂಡರ್‌ಗೆ ಮತ್ತೊಬ್ಬರು, ಹೀಗೆ ಆರೂ ಮನೆಯ ಫೋನುಗಳು ಬಿಸಿಯಾದವು. ಅಂತೂ ಬೆಳಗಿನ ಜಾವ ಹಾಸಿಗೆ ಸಿಕ್ಕಿತು, ಮನುಷ್ಯ ಉಳಿದುಕೊಂಡರು. ಅದೇ ವಾರ, ಮೇ 2ರ ರಾತ್ರಿ, ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಮುಗಿದಿತ್ತು. ಮರುದಿನ ಲೆಕ್ಕ ಸಿಕ್ಕಿದ್ದು 24 ಸಾವು. ಯಾವ ಓಣಿ ಎಷ್ಟು ಫೋನು ಮಾಡಿದರೂ ಅಲ್ಲಿ ಏನೂ ಆಗುತ್ತಿರಲಿಲ್ಲ.

ಅದೇ ಮೇ ತಿಂಗಳ ಕೊನೆಗೆ ಸರ್ಕಾರ ಹಳ್ಳಿಗಳಲ್ಲಿ ಹೋಂ ಐಸೊಲೇಷನ್ ಬೇಡ, ಸೋಂಕಿತರು ಕೋವಿಡ್ ಕೇರ್ ಸೆಂಟರಿಗೇ ಬರಬೇಕು ಎಂದಿತು. ಕೊಟ್ಟ ಕಾರಣ: ಚಿಕ್ಕ ಮನೆಗಳು, ಪ್ರತ್ಯೇಕ ಕೋಣೆಯಿಲ್ಲ, ಶೌಚಾಲಯವಿಲ್ಲ. ವರ್ಷದ ಹಿಂದೆಯೇ ವಠಾರದ ನಲ್ಲಿಗೋಡೆ ಇದನ್ನು ಬರೆದುಕೊಂಡಿತ್ತು.

ಸರ್ಕಾರ ಓಣಿಯ ಲೆಕ್ಕವನ್ನು ಒಪ್ಪಿದ ಒಂದು ಪ್ರಸಂಗವೂ ಇದೆ. 2020ರ ಆಗಸ್ಟ್‌ನಲ್ಲಿ ಶುರುವಾದ 'ವಿದ್ಯಾಗಮ'ದಲ್ಲಿ ಮೇಷ್ಟ್ರು, ಟೀಚರುಗಳೇ ಮಕ್ಕಳಿರುವಲ್ಲಿಗೆ ಹೋದರು. ದೇವಸ್ಥಾನದ ಪೌಳಿ, ಅರಳಿಕಟ್ಟೆ, ಯಾರದೋ ಮನೆಯ ಜಗಲಿಯೇ ಶಾಲೆ. ಸ್ಮಾರ್ಟ್‌ಫೋನ್ ಇಲ್ಲದ ಮಕ್ಕಳಿಗೆ ಆ ವರ್ಷ ದಕ್ಕಿದ ಪಾಠ ಬಹುಮಟ್ಟಿಗೆ ಅದೊಂದೇ. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ ಸುದ್ದಿ ಬಂದು ಅಕ್ಟೋಬರ್‌ನಲ್ಲಿ ನಿಲ್ಲಿಸಿದರು. ಸುಧಾರಿಸಿ ಮುಂದುವರಿಸಬಹುದಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ಮನೆಮನೆ ತಿರುಗಿ ಜ್ವರದ ಲೆಕ್ಕ ಬರೆದ ಆಶಾ ಕಾರ್ಯಕರ್ತೆಯರ ಕಥೆಯೂ ಹೀಗೆಯೇ. ಓಣಿಯ ಪ್ರತಿ ಮನೆಯ ಗುಟ್ಟು ಬಲ್ಲ ಆ ಹೆಂಗಸರು ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ ಎಂದು 2020ರ ಜುಲೈನಲ್ಲಿ ಮುಷ್ಕರ ಹೂಡಬೇಕಾಯಿತು.

ಇನ್ನು ವಠಾರದ ಹೆಂಗಸರಲ್ಲಿ ನಾಲ್ವರು ಕೆಲಸ ಮಾಡುತ್ತಿದ್ದದ್ದು ಮುಖ್ಯರಸ್ತೆಯ ಅಪಾರ್ಟ್‌ಮೆಂಟುಗಳಲ್ಲಿ. ಮಾರ್ಚ್‌ನಲ್ಲೇ ಗೇಟು ಬಂದ್. ಮೊದಲ ತಿಂಗಳ ಸಂಬಳ ಹೆಚ್ಚಿನವರು ಕೊಟ್ಟರು, ಆಮೇಲೆ ಫೋನು ಎತ್ತಲಿಲ್ಲ. ಮತ್ತೆ ಕರೆದಾಗ ಕೆಲಸದವರಿಗಷ್ಟೇ ಥರ್ಮಾಮೀಟರು, ಮಾಲೀಕರಿಗಿಲ್ಲ. "ರೋಗ ವಿಮಾನದಲ್ಲಿ ಬಂದದ್ದು ಅವರ ಮನೆಗೆ, ಹಣೆ ನೋಡೋದು ನಮ್ಮದು" ಎಂದು ಅವರಲ್ಲೊಬ್ಬಳು ನಕ್ಕದ್ದಕ್ಕೆ ನನಗೆ ಏನೂ ಹೇಳಲಾಗಲಿಲ್ಲ.

ಲಸಿಕೆಯ ಹೊತ್ತಿಗೆ ಅಪಾರ್ಟ್‌ಮೆಂಟಿನವರಿಗೆ ಆವರಣದಲ್ಲೇ ಶಿಬಿರ ನಡೆಯಿತು. ವಠಾರಕ್ಕೆ ಇದ್ದದ್ದು ಡಿಪ್ಲೊಮಾ ಓದುವ ಒಬ್ಬ ಹುಡುಗ. 2021ರ ಮೇ 1ರಿಂದ 18 ದಾಟಿದವರಿಗೂ ಲಸಿಕೆ ಎಂದರು, ಆದರೆ ಕೋವಿನ್‌ನಲ್ಲಿ ಹೆಸರು ನೋಂದಾಯಿಸಿ ಸ್ಲಾಟ್ ಹಿಡಿದವರಿಗೆ ಮಾತ್ರ. ಒಂದು ಮೊಬೈಲ್ ನಂಬರಿಗೆ ನಾಲ್ಕೇ ಜನ. ಹೀಗಾಗಿ ಎಲ್ಲರ ಫೋನೂ ಬೇಕು. ಹುಡುಗ ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ಹಿಡಿದು ಕೂತು "ಆಂಟಿ, ಓಟಿಪಿ ಬಂತಾ?" ಎಂದು ಕೂಗಬೇಕು, ಒಳಗಿಂದ ಅಂಕಿ ಒಂದೊಂದಾಗಿ ಬರಬೇಕು, ಮೂರು ನಿಮಿಷದೊಳಗೆ. ಅಜ್ಜಿಯೊಬ್ಬರು ಬ್ಯಾಂಕಿನಿಂದ ಬಂದ ಯಾವುದೋ ಓಟಿಪಿಯನ್ನು ಇಡೀ ಬೀದಿಗೆ ಓದಿ ಹೇಳಿದರು. ಬೆಂಗಳೂರಿನಲ್ಲಿ ಸ್ಲಾಟ್ ಕಾಣಿಸಿಕೊಂಡು ಕಣ್ಣುಮುಚ್ಚಿ ತೆರೆಯುವುದರೊಳಗೆ ಮಾಯ. ಹುಡುಗ ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹುಡುಕಿ ಹಿಡಿದ. ಓಣಿಯ ಯುವಕರೆಲ್ಲ ಬೈಕಿನಲ್ಲಿ ಹೋಗಿ ಚುಚ್ಚಿಸಿಕೊಂಡು ಬಂದರು. ಅಲ್ಲಿನ ಊರಿನವರು ಗೇಟಿನ ಹೊರಗೆ ನಿಂತು, ನಮ್ಮೂರ ಆಸ್ಪತ್ರೆಯ ಲಸಿಕೆ ನಿಮಗೆ ಹೇಗೆ ಬಂತು ಎಂದು ಜಗಳಕ್ಕೆ ಬಂದರಂತೆ. ಆ ವಯಸ್ಸಿನವರು ಸ್ಲಾಟ್ ಇಲ್ಲದೆ ನೇರ ಬಂದು ಹೆಸರು ಬರೆಸಲು ಕೇಂದ್ರ ಒಪ್ಪಿದ್ದು ಮೇ 24ಕ್ಕೆ.