ಒಳಗೆ ಬಂದವರು ಹೊರಗೆ ಹೋದದ್ದು ಸರ್ವರ್‌ಗೆ ತಿಳಿಯುವುದು ಹೇಗೆ?

ಕಳೆದ ತಿಂಗಳ ಮೊದಲ ವಾರದಲ್ಲಿ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಗಾಬರಿಯಿಂದ ದೂರವಾಣಿ ಕರೆ ಮಾಡಿದರು. ಪಿಂಚಣಿ ಜಮೆಯಾಗಿದೆಯೇ ಎಂದು ನೋಡಲು ಅವರು ತಮ್ಮ ಬ್ಯಾಂಕಿನ ಜಾಲತಾಣವನ್ನು ತೆರೆದಿದ್ದರು. ಅಷ್ಟರಲ್ಲಿ ಬಾಗಿಲ ಗಂಟೆ ಬಾರಿಸಿತೆಂದು, ಲಾಗೌಟ್ ಮಾಡದೆ ಬ್ರೌಸರ್ ಮುಚ್ಚಿ ಎದ್ದರು. ಐದು ನಿಮಿಷ ಬಿಟ್ಟು ಮರಳಿ ಪ್ರವೇಶಿಸಲು ಹೋದರೆ, ‘ನೀವು ಈಗಾಗಲೇ ಲಾಗಿನ್ ಆಗಿದ್ದೀರಿ’ ಎಂಬ ಒಕ್ಕಣೆ ಎದುರಾಯಿತು.

“ಅಲ್ಲ ಮಾರಾಯರೇ, ನಾನು ಇಲ್ಲಿ ಹೊರಗೆ ಕೂತಿದ್ದೇನೆ. ಹಾಗಾದರೆ ಒಳಗೆ ಕೂತಿರುವವರು ಯಾರು?” ಎಂದು ಕೇಳಿದರು.

“ಒಳಗಿರುವವರೂ ನೀವೇ” ಎಂದು ನಾವು ಉತ್ತರಿಸಿದೆವು. ಅವರಿಗೆ ಅದು ತಮಾಷೆಯಂತೆ ಕೇಳಿಸಿರಬೇಕು. ಕಲಾ ಪದವೀಧರರಾದ ನಮಗೂ ಇದರ ಒಳಗುಟ್ಟು ತಿಳಿದದ್ದು ತಡವಾಗಿಯೇ. ತಂತ್ರಾಂಶ ರಂಗದಲ್ಲಿ ದುಡಿಯುವ ನಮ್ಮ ಮಗಳು ಒಂದು ಭಾನುವಾರ ಕುಳಿತು ವಿವರಿಸಿದ್ದನ್ನು ನಮಗೆ ತಿಳಿದ ಮಾತಿನಲ್ಲಿ ಇಲ್ಲಿ ಬರೆಯುತ್ತಿದ್ದೇವೆ.

ಹಿಂದೆ ಬ್ಯಾಂಕಿನ ಕೌಂಟರಿನಲ್ಲಿ ಚೆಕ್ಕು ಕೊಟ್ಟವರ ಕೈಗೆ ಹಿತ್ತಾಳೆಯ ಟೋಕನ್ ಕೊಡುತ್ತಿದ್ದುದು ಅನೇಕ ಓದುಗರಿಗೆ ನೆನಪಿರಬಹುದು. ಗ್ರಾಹಕರ ಮುಖ ನೆನಪಿಟ್ಟುಕೊಳ್ಳುವ ಹೊಣೆ ಕ್ಯಾಷಿಯರನದಲ್ಲ; ಟೋಕನ್ನಿನ ಸಂಖ್ಯೆ ನೋಡಿ ಹಣ ಕೊಡುವುದಷ್ಟೇ ಅವನ ಕೆಲಸ. ಜಾಲತಾಣಗಳ ವ್ಯವಹಾರವೂ ಹೀಗೆಯೇ. ಎಚ್‌ಟಿಟಿಪಿ ಎಂಬ ಸಂಪರ್ಕ ಪದ್ಧತಿಗೆ ನೆನಪಿನ ಶಕ್ತಿಯೇ ಇಲ್ಲ. ನೀವು ಕೇಳುವ ಪ್ರತಿಯೊಂದು ಪುಟವೂ ಅದಕ್ಕೆ ಅಪರಿಚಿತನೊಬ್ಬನ ಹೊಸ ಕೋರಿಕೆ. ಈ ಕೊರತೆಯನ್ನು ತುಂಬಲೆಂದು 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲ್ಲಿ ‘ಕುಕಿ’ ಎಂಬ ಉಪಾಯವನ್ನು ಕಂಡುಹಿಡಿದರು. ಜಾವಾ ಭಾಷೆಯಲ್ಲಿ ಬರೆದ ಜಾಲತಾಣಗಳಲ್ಲಿ ಸರ್ವರ್ ನಿಮ್ಮ ಬ್ರೌಸರಿಗೆ ಸಾಮಾನ್ಯವಾಗಿ ‘ಜೆಸೆಶನ್‌ಐಡಿ’ ಎಂಬ ಹೆಸರಿನ ಕುಕಿಯೊಂದನ್ನು ಕೊಡುತ್ತದೆ. ಅದೇ ಟೋಕನ್. ಆ ಸಂಖ್ಯೆಗೆ ಸಂಬಂಧಿಸಿದ ಕಡತವು ಸರ್ವರಿನ ಬಳಿ ಇರುತ್ತದೆ, ಅದೇ ಸೆಶನ್.

ಕಡತ ತೆರೆದಾಗ ಮತ್ತು ಮುಚ್ಚುವಾಗ ತಂತ್ರಾಂಶಕ್ಕೆ ಸುದ್ದಿ ಮುಟ್ಟಿಸುವ ಏರ್ಪಾಡೊಂದು 2001ರ ಸರ್ವ್‌ಲೆಟ್ 2.3 ಆವೃತ್ತಿಯಲ್ಲಿ ಬಂತು. ಅದರ ಹೆಸರು ‘ಎಚ್‌ಟಿಟಿಪಿಸೆಶನ್‌ಲಿಸನರ್’. ಹುಟ್ಟಿಗೆ ‘ಸೆಶನ್‌ಕ್ರಿಯೇಟೆಡ್’, ಸಾವಿಗೆ ‘ಸೆಶನ್‌ಡಿಸ್ಟ್ರಾಯ್ಡ್’ ಎಂಬ ಎರಡು ಕರೆಗಳು ಅದರಲ್ಲಿವೆ. ಮೊದಲಿಗೆ ಎರಡನೆಯ ಕರೆ ಬರುತ್ತಿದ್ದುದು ಕಡತ ನಾಶವಾದ ಮೇಲೆ. ಸತ್ತವರ ಹೆಸರನ್ನು ಅವರ ಬಳಿಯೇ ಕೇಳಲು ಹೋದಂತಹ ಪರಿಸ್ಥಿತಿ! 2003ರ 2.4 ಆವೃತ್ತಿಯಲ್ಲಿ ಇದನ್ನು ತಿದ್ದಿ, ನಾಶಕ್ಕೆ ಮುಂಚೆಯೇ ಕರೆ ಬರುವಂತೆ ಮಾಡಿದರು. ಹೀಗಾಗಿ ಹೋಗುತ್ತಿರುವವರು ಯಾರೆಂದು ಓದಿಕೊಂಡು, ‘ಇವರು ಒಳಗಿದ್ದಾರೆ’ ಎಂಬ ಗುರುತನ್ನು ಅಳಿಸಲು ಅವಕಾಶವಾಯಿತು.

ಆದರೆ ಹುಟ್ಟು ಎಂದರೆ ಲಾಗಿನ್ ಅಲ್ಲ. ಹೆಸರನ್ನೇ ಹೇಳದೆ ಮುಖಪುಟವನ್ನಷ್ಟೇ ನೋಡಿ ಹೋಗುವವರ ಹೆಸರಿನಲ್ಲೂ ಸೆಶನ್ ಹುಟ್ಟಬಹುದು. ‘ಈಗ ಜಾಲತಾಣದಲ್ಲಿ ಇಷ್ಟು ಸದಸ್ಯರಿದ್ದಾರೆ’ ಎಂದು ಈ ಕರೆಗಳನ್ನು ಎಣಿಸಿ ಬೀಗುವ ಜಾಲತಾಣಗಳ ಲೆಕ್ಕ ಬಹುಮಟ್ಟಿಗೆ ಪೊಳ್ಳು. ನಿಜವಾದ ಲಾಗಿನ್ ತಿಳಿಯಬೇಕಾದರೆ, ಗುಪ್ತಪದ ಸರಿಹೊಂದಿ ಬಳಕೆದಾರರ ವಿವರವನ್ನು ಸೆಶನ್ನಿನಲ್ಲಿ ಇರಿಸಿದ ಕ್ಷಣವನ್ನು ಹಿಡಿಯಬೇಕು. ಅದಕ್ಕೆ ‘ಎಚ್‌ಟಿಟಿಪಿಸೆಶನ್‌ಬೈಂಡಿಂಗ್‌ಲಿಸನರ್’ ಎಂಬ ಬೇರೆಯೇ ಏರ್ಪಾಡಿದೆ.

ಇನ್ನು ಸಾವಿನ ವಿಷಯ. ನಮ್ಮ ಹಿರಿಯರ ಸಂಕಟವೆಲ್ಲ ಇಲ್ಲಿಯೇ ಇರುವುದು. ನೀವು ಲಾಗೌಟ್ ಒತ್ತಿದರೆ ಸೆಶನ್ ಕೂಡಲೇ ರದ್ದಾಗಿ ಮೇಲೆ ಹೇಳಿದ ಕರೆ ಬರುತ್ತದೆ. ಬ್ರೌಸರ್ ಮುಚ್ಚಿದರೆ? ಸರ್ವರ್‌ಗೆ ಏನೂ ತಿಳಿಯುವುದಿಲ್ಲ. ಟೋಕನ್ ಪಡೆದವರು ಅದನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋದಂತೆ. ಅವರು ಬೆಂಚಿನ ಮೇಲೆ ತೂಕಡಿಸುತ್ತಿದ್ದಾರೋ, ಲೋಕಲ್ ರೈಲು ಹತ್ತಿದ್ದಾರೋ ಕೌಂಟರಿನವರಿಗೆ ಏನು ಗೊತ್ತು? ಇಷ್ಟು ಹೊತ್ತು ಸದ್ದಿಲ್ಲದಿದ್ದರೆ ಹೋದರೆಂದು ಭಾವಿಸಬೇಕು ಎಂಬ ನಿಯಮವೊಂದೇ ದಾರಿ. ಟಾಮ್‌ಕ್ಯಾಟ್ ಎಂಬ ಪ್ರಸಿದ್ಧ ಸರ್ವರಿನಲ್ಲಿ ಈ ಅವಧಿಯನ್ನು ಬದಲಿಸದಿದ್ದರೆ 30 ನಿಮಿಷ. ಬ್ಯಾಂಕುಗಳು ಇದನ್ನು ಕೆಲವೇ ನಿಮಿಷಗಳಿಗೆ ಇಳಿಸಿರುತ್ತವೆ. ಅವಧಿ ಮುಗಿದವರನ್ನು ಹುಡುಕುವ ಕಾವಲುಗಾರನೂ ಸುಮಾರು ನಿಮಿಷಕ್ಕೊಮ್ಮೆ ಸುತ್ತು ಬರುವವನಾದ್ದರಿಂದ, ಸಾವಿನ ಸುದ್ದಿ ಇನ್ನಷ್ಟು ತಡವಾಗಬಹುದು.

ಅಂದರೆ ಆ ಐದು ನಿಮಿಷಗಳಲ್ಲಿ ಒಳಗೆ ಕುಳಿತಿದ್ದುದು ಹಿರಿಯರದೇ ಹಳೆಯ ಟೋಕನ್. ಮನೆಯ ಗಣಕಯಂತ್ರದಲ್ಲಿ ಇದು ಕಿರಿಕಿರಿಯಷ್ಟೇ. ಸೈಬರ್ ಕೆಫೆಯಲ್ಲಿ ಇದೇ ಟೋಕನ್ ಮುಂದಿನವರ ಕೈಗೆ ಸಿಕ್ಕರೆ, ಸರ್ವರ್ ಅವರನ್ನೇ ನೀವೆಂದು ನಂಬುತ್ತದೆ. ಗುಪ್ತಪದವನ್ನು ಮತ್ತೆ ಕೇಳುವುದಿಲ್ಲ.

ಸೆಶನ್‌ಡಿಸ್ಟ್ರಾಯ್ಡ್ ಕರೆಯೊಂದನ್ನೇ ನೆಚ್ಚಿಕೊಳ್ಳುವುದೂ ಅಪಾಯಕರ. ಸರ್ವರ್ ಹಠಾತ್ತನೆ ಸ್ಥಗಿತಗೊಂಡರೆ ಆ ಕರೆ ಬರುವುದೇ ಇಲ್ಲ. ದತ್ತಸಂಚಯದಲ್ಲಿ ‘ಒಳಗಿದ್ದಾರೆ’ ಎಂಬ ಗುರುತು ಮಾತ್ರ ಹಾಗೆಯೇ ಉಳಿಯುತ್ತದೆ. ಕೆಲವು ವರ್ಷಗಳ ಹಿಂದೆ, ಪಿಂಚಣಿದಾರರು ಸಾಲುಗಟ್ಟಿದ್ದ ಒಂದನೇ ತಾರೀಖಿನಂದು, ನಮ್ಮ ಶಾಖೆಯಲ್ಲಿ ಇಂಥದೇ ಪರಿಸ್ಥಿತಿ ಒದಗಿತು. ಸಂಪರ್ಕ ಕಡಿದು ಮರಳಿ ಬಂದಾಗ ಕೌಂಟರಿನ ಮೂವರು ಸಿಬ್ಬಂದಿಗೂ ‘ಈ ಬಳಕೆದಾರರು ಈಗಾಗಲೇ ಬಳಕೆಯಲ್ಲಿದ್ದಾರೆ’ ಎಂಬ ಉತ್ತರ! ಕೇಂದ್ರ ಕಚೇರಿಯ ಗಣಕ ವಿಭಾಗಕ್ಕೆ ಫೋನು ಮಾಡಿ, ಒಬ್ಬೊಬ್ಬರ ಹೆಸರನ್ನೂ ಬಿಡಿಸಿಕೊಳ್ಳುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆಯಿತು. ಎಂಬತ್ತು ದಾಟಿದ ಅಜ್ಜಿಯೊಬ್ಬರು ನಿಂತೇ ಇದ್ದರು; ನಾವು ನಮ್ಮ ಕುರ್ಚಿಯನ್ನು ಅವರಿಗೆ ಕೊಟ್ಟೆವು. ಅಂದು ನಮ್ಮಿಂದಾದದ್ದು ಅಷ್ಟೇ.

ಇದಕ್ಕೆ ಪರಿಹಾರ ಕಷ್ಟದ್ದೇನಲ್ಲ ಎನ್ನುತ್ತಾಳೆ ಮಗಳು. ಒಳಗಿದ್ದಾರೆ ಎಂಬ ಗುರುತಿನ ಜೊತೆಗೆ ಕೊನೆಯ ಚಲನೆಯ ವೇಳೆಯನ್ನೂ ಬರೆದಿಡಬೇಕು. ಅದು ಹಳತಾಗಿದ್ದರೆ ಗುರುತನ್ನು ಲೆಕ್ಕಕ್ಕೆ ಹಿಡಿಯಬಾರದು. ಸರಿಯಾದ ಗುಪ್ತಪದದೊಂದಿಗೆ ಹೊಸದಾಗಿ ಬಂದವರನ್ನು ತಡೆಯುವ ಬದಲು, ಅವರ ಹಳೆಯ ಸೆಶನ್ನನ್ನು ರದ್ದುಪಡಿಸಿ ಒಳಗೆ ಬಿಡಬೇಕು. ನಮಗೂ ಇದೇ ಸರಿ ಎನಿಸುತ್ತದೆ. ನಮ್ಮ ಶಾಖೆಯ ಪರದೆಯಲ್ಲಿ ಈಗ ‘ಹಿಂದಿನ ಸೆಶನ್ ಮುಚ್ಚಿ ಮುಂದುವರಿಯಬೇಕೇ?’ ಎಂಬ ಪ್ರಶ್ನೆ ಬರುತ್ತದೆ. ಹೌದು ಎಂದು ಒತ್ತುತ್ತೇವೆ, ಕೆಲಸ ಮುಂದುವರಿಯುತ್ತದೆ.