ಹುಣಸೆ ಬೀಜದಲ್ಲಿ ರಾಯಚೂರು ಯುದ್ಧ

ಹೆಬ್ಬೂರಿನ ಜಗಲಿ ಮೇಲೆ ಚೌಕಾಬಾರ ಆಡುವ ಹುಣಸೆ ಬೀಜದಲ್ಲೇ 1520ರ ರಾಯಚೂರು ಯುದ್ಧವನ್ನೂ ಆಡಬಹುದು. ನಿಯಮ ಮಾತ್ರ ಸರಿಯಾಗಿರಬೇಕು.

ಒಂದು ಕಡೆ ವಿಜಯನಗರದ ಕೃಷ್ಣದೇವರಾಯ. ಎದುರಿಗೆ ಕೃಷ್ಣಾ ನದಿ ದಾಟಿ ಬಂದ ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾ. ಪೋರ್ಚುಗೀಸ್ ಬರಹಗಾರ ನ್ಯೂನಿಜ್ ಹೇಳುವಂತೆ, ಬಿಜಾಪುರದ ಫಿರಂಗಿಗಳು ಒಟ್ಟಿಗೆ ಸಿಡಿದು ವಿಜಯನಗರದ ಮುಂದಿನ ಪಡೆ ಚದುರಿತು. ಆಗ ರಾಯ ಉಳಿದ ಪಡೆಯೊಂದಿಗೆ ತಾನೇ ನುಗ್ಗಿದ, ಗೆದ್ದ.

ಆಟದ ಜೀವ ಇರುವುದು ಇಲ್ಲೇ: ಸಿಡಿಸಿದ ಮೇಲೆ ಮತ್ತೆ ಮದ್ದು ತುಂಬುವವರೆಗಿನ ಹೊತ್ತಿನಲ್ಲಿ. ಹಾಗಾಗಿ ಸಿಡಿಸಿದ ತುಕಡಿ ಎರಡು ಸರದಿ ಸುಮ್ಮನಿರಲಿ. ಆ ಹೊತ್ತಿಗೆ ಕುದುರೆ ನುಗ್ಗಿದರೆ? ಯುರೋಪಿನಲ್ಲಿ ಸ್ಪೇನಿನವರು ಬಂದೂಕಿನವರ ಜೊತೆಗೇ ಉದ್ದ ಈಟಿಯವರನ್ನು ನಿಲ್ಲಿಸಿದರು. ನಮ್ಮ ದಖ್ಖನಿನಲ್ಲಿ ಆನೆಯೂ ಇತ್ತು, ಕುದುರೆಯೇ ದೊಡ್ಡ ಬಲ. ಯುರೋಪಿನ ಯುದ್ಧದಾಟದ ನಿಯಮಗಳನ್ನು ಹಾಗೇ ತಂದರೆ ಈ ಯುದ್ಧ ಸುಳ್ಳಾಗುತ್ತದೆ.

ಈಗ ಒಂದು ಬದಿ ಬಿಳಿಯಾಗುವಂತೆ ತೇಯ್ದ ನಾಲ್ಕು ಬೀಜ ತಗೊಳ್ಳಿ. ಎರಡೂ ಬದಿ ಸಮವಾಗಿ ಬೀಳುವುದಾದರೆ, 16 ಸಾಧ್ಯತೆಗಳಲ್ಲಿ ಎರಡು ಬಿಳಿ ಬರುವುದು ಆರರಲ್ಲಿ, ನಾಲ್ಕೂ ಬಿಳಿ ಒಂದರಲ್ಲಿ ಮಾತ್ರ. ಗುಂಡು ತಗುಲಿದಾಗ ಎರಡು ಬಿಳಿ ಬಿದ್ದರೆ ಸಾಲು ಅಲುಗುತ್ತದೆ, ಈ ಸರದಿ ಮುಂದೆ ಹೋಗುವಂತಿಲ್ಲ. ನಾಲ್ಕೂ ಬಿಳಿಯಾದರೆ ಸಾಲೇ ಚದುರುತ್ತದೆ. ಸಾಲು ಚದುರುವುದಕ್ಕಿಂತ ದಿಗಿಲು ಹೆಚ್ಚು ಸಲ ಬರಬೇಕು.

ಕೊನೆಗೆ ರಾಯಚೂರು ಕೋಟೆ. ಅಲ್ಲಿ ರಾಯನ ಕಡೆಗಿದ್ದ ಕ್ರಿಸ್ಟೊವಾವ್ ದ ಫಿಗೆರೆದೊನ ಪೋರ್ಚುಗೀಸ್ ತುಪಾಕಿಯವರು ಗೋಡೆ ಮೇಲಿದ್ದವರತ್ತ ಗುಂಡು ಹಾರಿಸುತ್ತಿದ್ದರೆ, ಕೆಳಗೆ ರಾಯನ ಆಳುಗಳು ಗೋಡೆಯ ಕಲ್ಲು ಕೀಳುತ್ತಿದ್ದರು. ನಿಯಮವೂ ಹಾಗೇ ಇರಲಿ: ತುಪಾಕಿ ಸಿಡಿದ ಸರದಿಯಲ್ಲಿ ಮಾತ್ರ ಒಂದು ಕಲ್ಲು ಕೀಳಬಹುದು.