ಎಪ್ಪತ್ತಾರನೇ ಮಣಿ

ಚಳಿಜ್ವರ ಬಂದವರಿಗೆ ಆರೋಗ್ಯ ಕೇಂದ್ರದಲ್ಲಿ ಕೊಡುತ್ತಿದ್ದ ಕ್ಲೋರೋಕ್ವಿನ್ ಮಾತ್ರೆಯ ಕಹಿ ನಮ್ಮ ಕರಾವಳಿ, ಮಲೆನಾಡಿನ ಹಿರಿಯರ ನಾಲಗೆಗೆ ಇನ್ನೂ ನೆನಪಿದ್ದೀತು. 1934ರಲ್ಲಿ ಜರ್ಮನಿಯ ಬಾಯರ್ ಕಂಪನಿಯಲ್ಲಿ ಹಾನ್ಸ್ ಆಂಡರ್ಸಾಗ್ ತಯಾರಿಸಿದ ಈ ಮದ್ದು ಎರಡನೇ ಮಹಾಯುದ್ಧದ ನಂತರ ಜಗತ್ತನ್ನೆಲ್ಲ ಸುತ್ತಿತು. ಬೆಲೆ ಅಗ್ಗ, ಮೂರೇ ದಿನದ ಚಿಕಿತ್ಸೆ, ಬಸುರಿಯರಿಗೂ ಕೂಸುಗಳಿಗೂ ಕೊಡಬಹುದು. ಅಂಥ ಮದ್ದು 1950ರ ದಶಕದ ಕೊನೆಗೆ ಥಾಯ್ಲೆಂಡ್–ಕಾಂಬೋಡಿಯ ಗಡಿಯಲ್ಲೂ ಕೊಲಂಬಿಯದಲ್ಲೂ ಸೋಲತೊಡಗಿತು. 1973ರಲ್ಲಿ ಅಸ್ಸಾಮಿನ ಕಾರ್ಬಿ ಆಂಗ್ಲಾಂಗ್‌ನಿಂದ ಅದೇ ಸುದ್ದಿ ಬಂತು. 1970ರ ದಶಕ ಮುಗಿಯುವ ಹೊತ್ತಿಗೆ ಪೂರ್ವ ಆಫ್ರಿಕದಿಂದಲೂ ಬಂತು. ಮಾತ್ರೆ ಅದೇ, ರೋಗಾಣುವೂ ಅದೇ, ಪ್ಲಾಸ್ಮೋಡಿಯಂ ಫಾಲ್ಸಿಪಾರಂ. ಆದರೆ ಜ್ವರ ಬಿಡುತ್ತಿರಲಿಲ್ಲ. ಆಫ್ರಿಕದಲ್ಲಿ ಇದಕ್ಕೆ ಬಲಿಯಾದವರಲ್ಲಿ ಹೆಚ್ಚಿನವರು ಐದು ವರ್ಷ ತುಂಬದ ಮಕ್ಕಳು.

ರೋಗಾಣುವಿನ ಒಳಗೆ ಏನು ಬದಲಾಯಿತು? ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ಹೋದವರು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿ ಥಾಮಸ್ ವೆಲೆಮ್ಸ್.

ಮೊದಲು ಆ ಮದ್ದು ಹೇಗೆ ಕೊಲ್ಲುತ್ತದೆ ಎಂಬುದನ್ನು ನೋಡಬೇಕು. ಮಲೇರಿಯಾ ರೋಗಾಣು ನಮ್ಮ ಕೆಂಪು ರಕ್ತಕಣದೊಳಗೆ ಕೂತು ಹಿಮೋಗ್ಲೋಬಿನ್ ಅನ್ನು ತಿನ್ನುತ್ತದೆ. ತಿಂದದ್ದು ಅರಗುವುದು ಅದರ ಹೊಟ್ಟೆಯಂಥ ಒಂದು ಪುಟ್ಟ ಚೀಲದಲ್ಲಿ. ಅರಗಿದ ಮೇಲೆ ಉಳಿಯುವ, ಕಬ್ಬಿಣದ ಅಂಶವಿರುವ ಹೀಮ್ ಎಂಬ ವಸ್ತು ರೋಗಾಣುವಿಗೇ ವಿಷ. ಅದನ್ನು ಅದು ನಿರುಪದ್ರವಿ ಹರಳುಗಳಾಗಿ ಕಟ್ಟಿ ಒಂದು ಕಡೆ ಇಟ್ಟುಬಿಡುತ್ತದೆ. ಕ್ಲೋರೋಕ್ವಿನ್ ಆ ಚೀಲದೊಳಗೆ ಸೇರಿಕೊಂಡು ಹರಳು ಕಟ್ಟುವುದನ್ನು ತಡೆಯುತ್ತದೆ. ರೋಗಾಣು ತಾನು ಉಂಡ ಊಟದ ನಂಜಿನಿಂದಲೇ ಸಾಯುತ್ತದೆ. ಮದ್ದಿಗೆ ಬಗ್ಗದ ತಳಿಗಳಲ್ಲಿ ಕ್ಲೋರೋಕ್ವಿನ್ ಆ ಚೀಲದಲ್ಲಿ ನಿಲ್ಲುವುದೇ ಇಲ್ಲ, ಹೊರಗೆ ಹೋಗಿಬಿಡುತ್ತದೆ. ಇಷ್ಟು 1980ರ ದಶಕದಲ್ಲೇ ಗೊತ್ತಾಗಿತ್ತು. ಹೊರಗೆ ದಬ್ಬುತ್ತಿರುವುದು ಯಾವುದು ಎಂಬುದು ಗೊತ್ತಿರಲಿಲ್ಲ.

ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ರಾಗಿ ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟದ್ದು ನಮಗೆಲ್ಲ ಗೊತ್ತು. ತಂದೆ ತಾಯಿಯ ಗುಣ ಯಾವ ಮರಿಗೆ ಹೋಯಿತು ಎಂದು ನೋಡುತ್ತ ಹೋಗುವುದೇ ತಳಿಶಾಸ್ತ್ರದ ಹಳೆಯ ದಾರಿ. ವೆಲೆಮ್ಸ್ ಹಿಡಿದದ್ದೂ ಅದೇ ದಾರಿ. ಆದರೆ ಕಣ್ಣಿಗೆ ಕಾಣದ ರೋಗಾಣುವಿಗೆ ಸಂಕರ ಮಾಡುವುದು ಹೇಗೆ? ಮನುಷ್ಯನ ರಕ್ತದಲ್ಲಿ ಅದು ಬರೀ ಒಡೆದು ಒಡೆದು ಹೆಚ್ಚುತ್ತದೆ. ಗಂಡು ಹೆಣ್ಣು ಕೂಡುವುದು ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಾತ್ರ. ಎಡಿನ್‌ಬರೋದ ಡೇವಿಡ್ ವಾಲಿಕರ್ ಮತ್ತು ಸಂಗಡಿಗರು 1987ರಲ್ಲಿ ಮೊದಲ ಸಲ ಫಾಲ್ಸಿಪಾರಂ ಸಂಕರವನ್ನು ಮಾಡಿ ತೋರಿಸಿದ್ದರು. ವೆಲೆಮ್ಸ್ ತಂಡ ಹೊಂಡುರಾಸ್ ಮೂಲದ, ಮದ್ದಿಗೆ ಬಗ್ಗುವ ಒಂದು ತಳಿಯನ್ನೂ ಆಗ್ನೇಯ ಏಷ್ಯಾ ಮೂಲದ, ಬಗ್ಗದ ಇನ್ನೊಂದು ತಳಿಯನ್ನೂ ಬೆರೆಸಿ ಸೊಳ್ಳೆಗಳಿಗೆ ಕುಡಿಸಿತು. ಆ ಸೊಳ್ಳೆಗಳಿಂದ ಬಂದ ಮರಿಗಳನ್ನು ಬೆಳೆಸಲು ಆಗ ಇದ್ದ ದಾರಿ ಚಿಂಪಾಂಜಿಯ ದೇಹವೊಂದೇ. ಈ ಸಾಲು ಬರೆಯುವಾಗ ನನಗೆ ಸಂಕಟವಾಗುತ್ತದೆ. ಮನುಷ್ಯರ ಯಕೃತ್ತಿನ ಕೋಶಗಳನ್ನು ಕಸಿ ಮಾಡಿದ ಇಲಿಗಳಲ್ಲಿ ಈಗ ಆ ಕೆಲಸ ಆಗುತ್ತದೆ ಎಂಬುದು ಸಮಾಧಾನದ ಮಾತು.

ಸಿಕ್ಕಿದ್ದು 16 ಮರಿತಳಿಗಳು. ಒಂದಷ್ಟು ಮದ್ದಿಗೆ ಪೂರ್ತಿ ಬಗ್ಗಿದವು, ಉಳಿದವು ಚೂರೂ ಬಗ್ಗಲಿಲ್ಲ. ನಡುವಿನ ಗುಣದ್ದು ಒಂದೂ ಇರಲಿಲ್ಲ. ಅಂದರೆ ಹತ್ತಾರು ಜೀನುಗಳ ಕೂಟವಲ್ಲ, ಇದು ಒಂದೇ ಜಾಗದಲ್ಲಿರುವ ಗುಟ್ಟು. ಕ್ಯಾನ್ಸರ್ ಕೋಶಗಳು ಮದ್ದನ್ನು ಹೊರದಬ್ಬಲು ಬಳಸುವ ಜೀನನ್ನೇ ಹೋಲುವ ಒಂದು ಜೀನು ಮಲೇರಿಯಾ ರೋಗಾಣುವಿನಲ್ಲೂ ಇತ್ತು. ಎಲ್ಲರ ಅನುಮಾನವೂ ಅದರ ಮೇಲೆ. ಮರಿತಳಿಗಳ ಲೆಕ್ಕ ನೋಡಿದರೆ ಆ ಜೀನಿಗೂ ಈ ಗುಣಕ್ಕೂ ತಾಳೆಯಾಗಲಿಲ್ಲ. 1990ರಲ್ಲಿ ಈ ಫಲಿತಾಂಶ ಪ್ರಕಟವಾದಾಗ ಹುಡುಕಾಟ ಮತ್ತೆ ಮೊದಲಿನಿಂದ ಶುರುವಾಯಿತು.

ರೋಗಾಣುವಿನ 14 ವರ್ಣತಂತುಗಳಲ್ಲಿ ಗುಟ್ಟು ಏಳನೆಯದರಲ್ಲಿದೆ ಎಂದು ಮರುವರ್ಷವೇ ತಿಳಿಯಿತು. ಅಲ್ಲಿಂದ ಆ ಜೀನನ್ನು ಮುಟ್ಟಲು ಮತ್ತೆ ಒಂಬತ್ತು ವರ್ಷ ಬೇಕಾಯಿತು. ರೋಗಾಣುವಿನ ಪೂರ್ಣ ಜೀನೋಮ್ ಓದಿ ಮುಗಿದದ್ದು 2002ರಲ್ಲಿ, ಹಾಗಾಗಿ ಇವರ ಕೈಯಲ್ಲಿ ನಕ್ಷೆಯೇ ಇರಲಿಲ್ಲ. 1997ರಲ್ಲಿ ಅದೇ ತುಣುಕಿನಲ್ಲಿದ್ದ ಇನ್ನೊಂದು ಜೀನನ್ನು ತಂಡವೇ ಗುರಿ ಮಾಡಿ ಹೇಳಿತು. ಆಮೇಲೆ ಪ್ರಯೋಗದಿಂದ ಅದು ನಿರಪರಾಧಿ ಎಂದು ತೋರಿಸಿದ್ದೂ ತಂಡವೇ. ನನಗೆ ಇಡೀ ಕಥೆಯಲ್ಲಿ ಹೆಚ್ಚು ಗೌರವ ಮೂಡಿಸಿದ ಘಟ್ಟ ಇದು. ನಿಜವಾದ ಜೀನು ಪಕ್ಕದಲ್ಲೇ, 13 ಸಣ್ಣ ಸಣ್ಣ ತುಂಡುಗಳಾಗಿ ಹಂಚಿಹೋಗಿ ಕಣ್ಣು ತಪ್ಪಿಸಿಕೊಂಡಿತ್ತು. 2000ದಲ್ಲಿ ಡೇವಿಡ್ ಫಿಡಾಕ್, ವೆಲೆಮ್ಸ್ ಮತ್ತು ಸಂಗಡಿಗರು ಅದನ್ನು ಹಿಡಿದು ಪಿಎಫ್‌ಸಿಆರ್‌ಟಿ ಎಂದು ಹೆಸರಿಟ್ಟರು.

ಈ ಜೀನು ಕಟ್ಟುವ ಪ್ರೋಟೀನು 424 ಅಮೈನೋ ಆಮ್ಲಗಳ ಸರ. ಅರಗಿಸುವ ಚೀಲದ ಗೋಡೆಯಲ್ಲಿ ಬಾಗಿಲಿನಂತೆ ಕೂತಿರುತ್ತದೆ. ಸರದ 76ನೇ ಮಣಿ ಲೈಸೀನ್ ಆಗಿದ್ದರೆ ಅದಕ್ಕೆ ಧನ ವಿದ್ಯುದಂಶ ಇರುತ್ತದೆ. ಚೀಲದ ಹುಳಿಯಲ್ಲಿ ಕ್ಲೋರೋಕ್ವಿನ್‌ಗೂ ಧನ ವಿದ್ಯುದಂಶವೇ. ಎರಡೂ ಒಂದನ್ನೊಂದು ದೂಡುವುದರಿಂದ ಮದ್ದು ಒಳಗೇ ಉಳಿಯುತ್ತದೆ. ಲೈಸೀನ್ ಜಾಗಕ್ಕೆ ವಿದ್ಯುದಂಶವಿಲ್ಲದ ಥ್ರಿಯೋನೀನ್ ಬಂದರೆ ಬಾಗಿಲು ತೆರೆದಂತೆ. ಸರದಲ್ಲಿ ಬೇರೆ ಮಣಿಗಳೂ ಬದಲಾಗಿರುತ್ತವೆ. ಆದರೆ ಈ ಮಣಿ ಬದಲಾಗದೆ ಮದ್ದು ಸೋಲುವುದಿಲ್ಲ.

ಮರುವರ್ಷ ಮಾಲಿ ದೇಶದ ಅಬ್ದುಲಾಯೆ ಜಿಮ್ಡೆ ಮತ್ತು ಸಂಗಡಿಗರು ಇದನ್ನು ರೋಗಿಗಳಲ್ಲೇ ಪರೀಕ್ಷಿಸಿದರು. ಕ್ಲೋರೋಕ್ವಿನ್ ಕೊಟ್ಟ ಮೇಲೂ ಉಳಿದ ರೋಗಾಣುಗಳಲ್ಲೆಲ್ಲ 76ನೇ ಮಣಿ ಬದಲಾಗಿತ್ತು. ಕಾಗದದ ಮೇಲೆ ಒಣಗಿದ ಒಂದು ಹನಿ ರಕ್ತ ಸಾಕು, ಒಂದು ಊರಿನಲ್ಲಿ ಮದ್ದು ನಡೆಯುತ್ತದೋ ಇಲ್ಲವೋ ಹೇಳಬಹುದು ಎಂದಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಪದ್ಮನಾಭನ್ ಮತ್ತು ಸಹೋದ್ಯೋಗಿಗಳು ಬೇರೆ ಸಂಸ್ಥೆಗಳವರ ಜೊತೆಗೂಡಿ ಭಾರತದ ಫಾಲ್ಸಿಪಾರಂ ಮಾದರಿಗಳಲ್ಲಿ ಇದೇ ಜೀನನ್ನು ಓದಿದರು. ಬದಲಾದ ಮಣಿಯುಳ್ಳ ರೋಗಾಣು ದೇಶದ ತುಂಬ ಹರಡಿದೆ ಎಂದು 2004ರಲ್ಲಿ ವರದಿ ಮಾಡಿದರು. 2010ರಲ್ಲಿ ದೇಶದಾದ್ಯಂತ ಫಾಲ್ಸಿಪಾರಂಗೆ ಕ್ಲೋರೋಕ್ವಿನ್ ಬಿಟ್ಟು ಆರ್ಟಿಮಿಸಿನಿನ್ ಎಂಬ ಮದ್ದನ್ನು ಇನ್ನೊಂದರ ಜೊತೆ ಸೇರಿಸಿ ಕೊಡುವ ಸಂಯುಕ್ತ ಚಿಕಿತ್ಸೆ ಜಾರಿಗೆ ಬಂತು. ವೈವಾಕ್ಸ್ ಎಂಬ ಇನ್ನೊಂದು ರೋಗಾಣುವಿನಿಂದ ಬರುವ ಮಲೇರಿಯಾಕ್ಕೆ ನಮ್ಮಲ್ಲಿ ಇಂದಿಗೂ ಕ್ಲೋರೋಕ್ವಿನ್ನೇ ಮದ್ದು.

ಅಚ್ಚರಿಯ ಸುದ್ದಿ ಬಂದದ್ದು ಮಲಾವಿಯಿಂದ. ಆ ಬಡ ದೇಶ 1993ರಲ್ಲೇ, ಸಹಾರಾ ಕೆಳಗಿನ ಆಫ್ರಿಕದಲ್ಲಿ ಮೊದಲನೆಯದಾಗಿ, ಕ್ಲೋರೋಕ್ವಿನ್ ಬಿಟ್ಟು ಬೇರೆ ಮದ್ದು ಹಿಡಿದಿತ್ತು. 1992ರಲ್ಲಿ ಅಲ್ಲಿನ ರೋಗಾಣುಗಳಲ್ಲಿ 100ಕ್ಕೆ 85ರಲ್ಲಿ ಬದಲಾದ ಮಣಿ ಇತ್ತು. 2000ದಲ್ಲಿ ನೋಡಿದರೆ ಬರೀ 13. ಬದಲಾದ ಬಾಗಿಲು ಮದ್ದಿನ ಕಾಲದಲ್ಲಿ ಜೀವ ಉಳಿಸುತ್ತದೆ, ಮದ್ದಿಲ್ಲದ ಕಾಲದಲ್ಲಿ ರೋಗಾಣುವಿಗೆ ಹೊರೆಯಾಗುತ್ತದೆ. ಮೂಲೆಯಲ್ಲಿ ಉಳಿದುಕೊಂಡಿದ್ದ ಹಳೆಯ ತಳಿಗಳು ಮತ್ತೆ ಹಬ್ಬಿದ್ದವು. ಮಿರಿಯಂ ಲಾಫರ್ ಮತ್ತು ಸಂಗಡಿಗರು ಬ್ಲಾಂಟೈರ್‌ನಲ್ಲಿ ಮಕ್ಕಳಿಗೆ ಎರಡೂ ಮದ್ದುಗಳನ್ನು ಕೊಟ್ಟು ನೋಡಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಬದಲಿಯಾಗಿ ತಂದ ಮದ್ದು 87 ಮಕ್ಕಳಲ್ಲಿ 71 ಮಂದಿಗೆ ಹಿಡಿಯಲಿಲ್ಲ. ಕ್ಲೋರೋಕ್ವಿನ್ ಸೋತದ್ದು 80ರಲ್ಲಿ ಒಂದೇ ಮಗುವಿನಲ್ಲಿ. ಹಾಗೆಂದು ಅದನ್ನು ಒಂಟಿಯಾಗಿ ಮತ್ತೆ ಎಲ್ಲೆಡೆ ಹಂಚಿದರೆ ಹಳೆಯ ಕಥೆಯೇ ಮರುಕಳಿಸೀತು ಎಂದು ಎಲ್ಲರಿಗೂ ಗೊತ್ತಿತ್ತು. ಮಲಾವಿ ಮುಂದೆ ಆರ್ಟಿಮಿಸಿನಿನ್ ಸಂಯುಕ್ತ ಚಿಕಿತ್ಸೆಗೆ ಹೋಯಿತು.

ಈಗ ಆತಂಕ ಆ ಆರ್ಟಿಮಿಸಿನಿನ್ ಬಗ್ಗೆ. ಅದರ ವಿರುದ್ಧ ರೋಗಾಣು ಪಡೆದ ಶಕ್ತಿ ಕೆ13 ಎಂಬ ಜೀನಿನಲ್ಲಿದೆ ಎಂದು 2014ರಲ್ಲಿ ತಿಳಿಯಿತು. ಈ ಜೀನು ಬದಲಾದ ರೋಗಾಣು ಹಿಮೋಗ್ಲೋಬಿನ್ ತಿನ್ನುವುದನ್ನೇ ಕಡಿಮೆ ಮಾಡುತ್ತದೆ. ಮದ್ದನ್ನು ಕೆರಳಿಸುವ ಹೀಮ್ ಕಡಿಮೆಯಾಗುತ್ತದೆ. ಮತ್ತೆ ಅದೇ ಊಟದ ಚೀಲ! ಕಾಂಬೋಡಿಯದಲ್ಲಿ ಮೊದಲು ಕಂಡ ಈ ಗುಣ ರುವಾಂಡ, ಉಗಾಂಡ, ಎರಿಟ್ರಿಯಗಳಲ್ಲೂ ಕಾಣಿಸಿಕೊಂಡಿದೆ. ಈ ಸಲ ಹುಡುಕಾಟಕ್ಕೆ ದಶಕಗಳು ಹಿಡಿಯಲಿಲ್ಲ, ಹರಡುವುದು ಜೀನಿನ ಮಟ್ಟದಲ್ಲೇ ಕಣ್ಣಿಗೆ ಬೀಳುತ್ತಿದೆ. ಜಿಲ್ಲೆ ಜಿಲ್ಲೆಯಲ್ಲೂ ಇಂಥ ಕಾವಲು ಇರಬೇಕು, ಅದಕ್ಕೆ ಹಣ ಕಡಿಮೆ ಮಾಡಬಾರದು.

ಆ ಕಾವಲು ಶುರುವಾಗುವುದು ನಿಮ್ಮ ಬೆರಳ ತುದಿಯ ಹನಿ ರಕ್ತದಿಂದ. ಚಳಿಜ್ವರ ಬಂದರೆ ಅಂಗಡಿಯ ಮಾತ್ರೆ ನುಂಗಿ ಸುಮ್ಮನಾಗಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಮಲೇರಿಯಾ ಎಂದಾದರೆ, ಎರಡನೇ ದಿನಕ್ಕೇ ಜ್ವರ ಬಿಟ್ಟರೂ, ಕೊಟ್ಟ ಮಾತ್ರೆಗಳನ್ನು ಕೊನೆಯ ದಿನದವರೆಗೂ ತಪ್ಪದೆ ತೆಗೆದುಕೊಳ್ಳಿ.